ಪೈಥಾನ್ ಅಟ್ಯಾಚ್ ಕ್ಲೈಂಟ್, ಲಾಗ್ 4: ಎರಡು ಸೊನ್ನೆ ಬೈಟಿನ ಬಾಕಿ

ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್) ಕೊನೆಗೂ ಬಾಯಿ ಬಿಟ್ಟಿತು. ಜೆಸಿಎಂಡಿ (ಓಡುತ್ತಿರುವ ಜೆವಿಎಂಗೆ ಪ್ರಶ್ನೆ ಕೇಳುವ ಟೂಲ್) ಇಲ್ಲದೆ, ಐವತ್ತು ಚಿಲ್ಲರೆ ಸಾಲಿನ ಪೈಥಾನ್‌ನಿಂದ, ಓಡುತ್ತಿರುವ ಜೆಡಿಕೆ (ಜಾವಾ ಕಿಟ್) 17ರ ಪ್ರೋಸೆಸ್‌ಗೆ ‘ವಿಎಂ.ಅಪ್‌ಟೈಮ್’ ಕೇಳಿದರೆ ಈಗ ಉತ್ತರ ಬರುತ್ತಿದೆ. ಮೊದಲ ಸಾಲಲ್ಲಿ 0 (ಕೆಲಸ ಸರಿಯಾಯಿತು ಅಂತ), ಅದರ ಕೆಳಗೆ ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನುವ ಸೆಕೆಂಡಿನ ಲೆಕ್ಕ.

ಜೆಸಿಎಂಡಿ ಇರುವಾಗ ಈ ಸರ್ಕಸ್ ಯಾಕೆ ಅನ್ನುವವರಿಗೆ: ಇಮೇಜ್ (ಪ್ರೋಗ್ರಾಂ ಓಡಲು ಬೇಕಾದ್ದೆಲ್ಲ ಸೇರಿಸಿದ ಕಟ್ಟು) ಕಟ್ಟಿ ಕೊಡುವ ಪುಣ್ಯಾತ್ಮರು ತೂಕ ಇಳಿಸುವ ಹುಚ್ಚಿನಲ್ಲಿ ಜೆಡಿಕೆ.ಜೆಸಿಎಂಡಿ ಮಾಡ್ಯೂಲನ್ನೇ ಕಿತ್ತಿರುತ್ತಾರೆ. ಜೆಸ್ಟ್ಯಾಕ್, ಜೆಮ್ಯಾಪ್, ಜೆಪಿಎಸ್ ಅನ್ನುವ ತಪಾಸಣೆ ಟೂಲುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ರೋಗಿ ಇದ್ದಾನೆ, ಸ್ಟೆತಸ್ಕೋಪ್ ಇಲ್ಲ. ಪುಣ್ಯಕ್ಕೆ ಕೇಳಿಸಿಕೊಳ್ಳುವ ಕಡೆಯ ಕೋಡ್ ಜೆವಿಎಂನ ಮುಖ್ಯ ಲೈಬ್ರರಿ ಲಿಬ್‌ಜೆವಿಎಂ ಒಳಗೇ ಇರುವುದರಿಂದ ಅದನ್ನು ಯಾರೂ ಕೀಳಲಾರರು.

ಹ್ಯಾಂಡ್‌ಶೇಕ್ (ಮಾತು ಶುರುಮಾಡುವ ಕ್ರಮ) ಗೊತ್ತಿರುವುದೇ. ಇಲ್ಲಿ 4127 ಅಂದರೆ ಪಿಐಡಿ, ಪ್ರೋಸೆಸ್‌ನ ಸಂಖ್ಯೆ. ಪ್ರೋಸೆಸ್‌ನ ವರ್ಕಿಂಗ್ ಡೈರೆಕ್ಟರಿಯಲ್ಲಿ (ಅಲ್ಲಿ ಬರೆಯಲಾಗದಿದ್ದರೆ /ಟಿಎಂಪಿಯಲ್ಲಿ) ‘.ಅಟ್ಯಾಚ್_ಪಿಐಡಿ4127’ ಅನ್ನುವ ಖಾಲಿ ಫೈಲ್, ಆಮೇಲೆ ಒಂದು ಸಿಗ್‌ಕ್ವಿಟ್ ಸಿಗ್ನಲ್, ಆಮೇಲೆ /ಟಿಎಂಪಿಯಲ್ಲಿ ‘.ಜಾವಾ_ಪಿಐಡಿ4127’ ಸಾಕೆಟ್ (ಎರಡು ಪ್ರೋಸೆಸ್‌ಗಳು ಮಾತಾಡುವ ಕೊಳವೆ) ಹುಟ್ಟುವವರೆಗೆ ಕಾಯುವುದು. ಆ ಖಾಲಿ ಫೈಲಿನ ಯುಐಡಿ (ಒಡೆಯನ ಸಂಖ್ಯೆ) ಜೆವಿಎಂನದ್ದಕ್ಕಾಗಲಿ ರೂಟ್‌ನದ್ದಕ್ಕಾಗಲಿ ಹೊಂದದಿದ್ದರೆ ಸಾಕೆಟ್ ಬದಲು ಅಪ್ಲಿಕೇಶನ್ ಲಾಗಿಗೆ ಮಾರುದ್ದದ ಥ್ರೆಡ್ ಡಂಪ್ (ಪ್ರತಿ ಥ್ರೆಡ್ ಏನು ಮಾಡುತ್ತಿದೆ ಅನ್ನುವ ಪಟ್ಟಿ) ಬಂದು ಬೀಳುತ್ತದೆ. ಇನ್ನೊಂದು: ಸಿಗ್ನಲ್ ಕಳಿಸುವ ಮೊದಲು /ಪ್ರೋಕ್/4127/ಸ್ಟೇಟಸ್‌ನಲ್ಲಿ ‘ಸಿಗ್‌ಸಿಜಿಟಿ’ ಸಾಲು (ಪ್ರೋಸೆಸ್ ಹಿಡಿಯುವ ಸಿಗ್ನಲ್‌ಗಳ ಪಟ್ಟಿ) ನೋಡಲೇಬೇಕು. ಕೊನೆಯ ಹೆಕ್ಸ್ ಅಂಕಿಯಲ್ಲಿ 4ರ ಬಿಟ್ ಇಲ್ಲ ಅಂದರೆ ಆ ಪ್ರೋಸೆಸ್ ಸಿಗ್‌ಕ್ವಿಟ್ ಹಿಡಿಯುತ್ತಿಲ್ಲ. ಕಳಿಸಿದಿರೋ, ಅದು ಸತ್ತೇ ಹೋಗುತ್ತದೆ. ಆಗಷ್ಟೇ ಸ್ಟಾರ್ಟ್ ಆಗುತ್ತಿರುವ ಜೆವಿಎಂಗೂ ಇದೇ ಗತಿ.

ಇಲ್ಲಿಯವರೆಗೆ ಸರಾಗ. ಸಾಕೆಟ್ ಹುಟ್ಟಿತು, ಕನೆಕ್ಟ್ ಆಯಿತು, ಮೂರು ತುಂಡು ಕಳಿಸಿದ್ದಾಯಿತು: ‘1’, ‘ಜೆಸಿಎಂಡಿ’, ‘ವಿಎಂ.ಅಪ್‌ಟೈಮ್’, ಪ್ರತಿಯೊಂದರ ಬಾಲಕ್ಕೂ ಒಂದು ಸೊನ್ನೆ ಬೈಟ್. ಒಟ್ಟು 17 ಬೈಟ್. ಆಮೇಲೆ ಮೌನ. ರೆಸೀವ್ ಕಾಲ್ ಗರ ಬಡಿದಂತೆ ಕೂತಿತು. ಅದಕ್ಕಿಂತ ಕೆಟ್ಟದ್ದೆಂದರೆ, ಪಕ್ಕದ ಟರ್ಮಿನಲ್‌ನಲ್ಲಿ ಪೂರ್ತಿ ಜೆಡಿಕೆಯ ಅಸಲಿ ಜೆಸಿಎಂಡಿ ಓಡಿಸಿದರೆ ಅದೂ ಕೂತಿತು.

ಲಿಸನ್ ಮಾಡುತ್ತಿರುವ ಸಾಕೆಟ್ಟನ್ನು ‘ಎಸ್‌ಎಸ್ -ಎಕ್ಸ್‌ಎಲ್’ನಲ್ಲಿ ನೋಡಿದರೆ ಸೆಂಡ್-ಕ್ಯೂ 5 (ಅದು ಬ್ಯಾಕ್‌ಲಾಗ್, ಅಂದರೆ ಸಾಲಿನ ಮಿತಿ), ರಿಸೀವ್-ಕ್ಯೂ ಮಾತ್ರ ಹೊಸ ಕನೆಕ್ಷನ್ ಬಂದಂತೆಲ್ಲ 1, 2, 3 ಅಂತ ಏರುತ್ತಿತ್ತು. ಅಂದರೆ ಜನ ಸಾಲಿನಲ್ಲಿದ್ದಾರೆ, ಕೌಂಟರಿನವನು ಮೊದಲ ಗಿರಾಕಿಯ ಬಳಿಯೇ ಸಿಕ್ಕಿಕೊಂಡಿದ್ದಾನೆ. ಅಟ್ಯಾಚ್ ಲಿಸನರ್ ಒಂದೇ ಥ್ರೆಡ್. ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರನ್ನು ಅದು ಕಣ್ಣೆತ್ತಿ ನೋಡುವುದಿಲ್ಲ.

ಇಲ್ಲೊಂದು ಅಡ್ಡದಾರಿ ಎರಡು ಸಂಜೆ ನುಂಗಿತು. ಕಳಿಸಿದ ಮೇಲೆ ಬರೆಯುವ ಬದಿಯನ್ನು ಶಟ್‌ಡೌನ್ ಮಾಡಿದರೆ ನೇತಾಡುವುದು ನಿಂತಿತು, ಆದರೆ ಉತ್ತರ ಖಾಲಿ. ರೂಟ್ ಅಲ್ಲದವರ ಯುಐಡಿ ಅಥವಾ ಜಿಐಡಿ (ಗುಂಪಿನ ಸಂಖ್ಯೆ) ಹೊಂದದಿದ್ದಾಗಲೂ ಜೆವಿಎಂ ಒಂದು ಮಾತೂ ಆಡದೆ ಕನೆಕ್ಷನ್ ಮುಚ್ಚುತ್ತದೆ. ಹಾಗಾಗಿ ಅನುಮಾನ ಪೂರ್ತಿ ಅತ್ತ ತಿರುಗಿತು. ಗುಂಪು ಬದಲಿಸುವ ಸೆಟ್‌ಇಜಿಐಡಿ ಮೊದಲು, ಬಳಕೆದಾರನನ್ನು ಬದಲಿಸುವ ಸೆಟ್‌ಇಯುಐಡಿ ಆಮೇಲೆ (ಉಲ್ಟಾ ಮಾಡಿದರೆ ಗುಂಪು ಬದಲಿಸುವ ಅಧಿಕಾರವೇ ಕೈಬಿಟ್ಟಿರುತ್ತದೆ), ಎಲ್ಲ ಸರಿಯಿತ್ತು. ಯುಐಡಿ ತಕರಾರಿಗೂ ಈ ಖಾಲಿ ಉತ್ತರಕ್ಕೂ ಇರುವ ವ್ಯತ್ಯಾಸ ಸಣ್ಣದು, ಬರೆದಿಟ್ಟುಕೊಳ್ಳಿ: ಯುಐಡಿ ತಕರಾರಾದರೆ ಜೆವಿಎಂ ನಮ್ಮ ಬೈಟುಗಳನ್ನು ಓದದೆಯೇ ಮುಚ್ಚುತ್ತದೆ, ಆದ್ದರಿಂದ ಪೈಥಾನ್‌ನಲ್ಲಿ ಕನೆಕ್ಷನ್ ರೀಸೆಟ್ ಇಲ್ಲವೇ ಬ್ರೋಕನ್ ಪೈಪ್ ಎರರ್ ಬರುತ್ತದೆ. ಇಲ್ಲಿ ಬರುತ್ತಿದ್ದದ್ದು ಶಾಂತವಾದ ಇಒಎಫ್ (ಡೇಟಾ ಮುಗಿಯಿತು ಅನ್ನುವ ಗುರುತು). ಅಂದರೆ ಅದು ಓದಿದೆ, ಓದಿದ್ದು ಸಾಲದೆ ಎಸೆದಿದೆ.

ಮುಂದೆ ಎಸ್‌ಟ್ರೇಸ್ (ಪ್ರೋಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಟೂಲ್). /ಪ್ರೋಕ್/4127/ಟಾಸ್ಕ್ ಕೆಳಗಿನ ‘ಕಾಮ್’ ಫೈಲುಗಳಲ್ಲಿ ‘ಅಟ್ಯಾಚ್ ಲಿಸನರ್’ ಹುಡುಕಿದರೆ ಟಿಐಡಿ (ಥ್ರೆಡ್‌ನ ಸಂಖ್ಯೆ) ಸಿಗುತ್ತದೆ. ಇಂಗ್ಲಿಷಿನಲ್ಲಿ ಆ ಹೆಸರು ಸರಿಯಾಗಿ 15 ಅಕ್ಷರ, ಲಿನಕ್ಸ್ ಕೊಡುವ ಜಾಗವೂ ಅಷ್ಟೇ, ಬಾಲ ಕತ್ತರಿಸಿಲ್ಲ. ಆ ಟಿಐಡಿಗೆ ಎಸ್‌ಟ್ರೇಸ್ ಹಚ್ಚಿ ಹೊಸದಾಗಿ ಕಳಿಸಿದರೆ: ಅಕ್ಸೆಪ್ಟ್, ಒಂದು ರೀಡ್, ರಿಟರ್ನ್ 17. ತಕ್ಷಣ ಇನ್ನೊಂದು ರೀಡ್, ಅಲ್ಲೇ ಠಿಕಾಣಿ.

ಅದು ಕಾಯುತ್ತಿದ್ದದ್ದು ಇನ್ನೆರಡು ಬೈಟಿಗೆ. ಈ ಪ್ರೋಟೋಕಾಲಿನಲ್ಲಿ ಆರ್ಗ್ಯುಮೆಂಟ್ ಯಾವಾಗಲೂ ಮೂರು, ಬೇಕಿರಲಿ ಬೇಡದಿರಲಿ. ಆವೃತ್ತಿ, ಕಮಾಂಡ್, ಮೂರು ಆರ್ಗ್ಯುಮೆಂಟ್, ಒಟ್ಟು ಐದು ಸ್ಟ್ರಿಂಗ್. ಖಾಲಿ ಆರ್ಗ್ಯುಮೆಂಟಿಗೂ ಅದರ ಸೊನ್ನೆ ಬೈಟ್ ಸಲ್ಲಬೇಕು. 17 ಅಲ್ಲ, 19. ಐದನೆಯ ಸೊನ್ನೆ ಎಣಿಸುವವರೆಗೆ ಜೆವಿಎಂ ಮಿಸುಕುವುದಿಲ್ಲ, ಉತ್ತರ ಬರುವವರೆಗೆ ನಾವು ಮಿಸುಕುವುದಿಲ್ಲ. ‘ನೀವು ಮೊದಲು, ನೀವು ಮೊದಲು’ ಅಂತ ಬಾಗಿಲಲ್ಲೇ ನಿಂತ ಇಬ್ಬರು ಬೀಗರು.

ಕಲಿತ ಮೇಲೆ ಮಾಡಿದ ಬದಲಾವಣೆ: ಸಾಕೆಟ್‌ಗೆ 10 ಸೆಕೆಂಡಿನ ಟೈಮ್‌ಔಟ್, ಮೀರಿದರೆ ಕ್ಲೋಸ್. ನಮ್ಮ ಕಡೆ ಮುಚ್ಚಿದ ಕೂಡಲೇ ಲಿಸನರ್ ಬಿಡುಗಡೆಯಾಗಿ ಸಾಲು ಮುಂದೆ ಸರಿಯುತ್ತದೆ. ಆದರೆ ಓದುವುದಕ್ಕೂ ಅದೇ 10 ಸೆಕೆಂಡ್ ಇಟ್ಟರೆ ದೊಡ್ಡ ಹೀಪನ್ನು (ಜಾವಾ ಬಳಸುವ ಮೆಮೊರಿ) ಫೈಲಿಗೆ ಬರೆಯುವ ‘ಡಂಪ್‌ಹೀಪ್’ ಅರ್ಧದಲ್ಲಿ ನಮಗೆ ಕೈಕೊಡುತ್ತದೆ, ಜೆವಿಎಂ ಮಾತ್ರ ಡಂಪ್ ಬರೆಯುತ್ತಲೇ ಇರುತ್ತದೆ. ಓದುವ ಟೈಮ್‌ಔಟನ್ನು ಕಮಾಂಡ್ ನೋಡಿ ಬೇರೆಯೇ ಇಡಬೇಕು. ಉತ್ತರಕ್ಕೆ ಉದ್ದದ ಗುರುತು ಇಲ್ಲ, ಇಒಎಫ್ ಬರುವವರೆಗೆ ಓದುವುದೇ.

ಸರ್ವರ್ ಬಾಡಿಗೆ ಕೊಟ್ಟವರ ಮೇಲೂ ಒಂದು ದೂರು. ಅವರ ರೆಡಿಮೇಡ್ ಇಮೇಜಿನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿ) ‘ಫೈಂಡ್ /ಟಿಎಂಪಿ -ಎಂಟೈಮ್ +7 -ಡಿಲೀಟ್’ ಅಂತ, ಏಳು ದಿನ ಮೀರಿದ್ದನ್ನೆಲ್ಲ ಅಳಿಸುವ ಒಂದು ಸಾಲು ಅವಿತಿತ್ತು. ಅದಕ್ಕೆ ಸಾಕೆಟ್ಟೂ ಒಂದೇ, ಕಸವೂ ಒಂದೇ. ಇದೇ ಕಸ ಗುಡಿಸುವ ಸಿಸ್ಟಮ್‌ಡಿ-ಟೆಂಪ್‌ಫೈಲ್ಸ್ ಆದರೂ ಜೀವಂತ ಸಾಕೆಟ್ಟನ್ನು ಗುರುತಿಸಿ ಬಿಡುತ್ತದೆ, ಫೈಂಡ್‌ಗೆ ಆ ದಾಕ್ಷಿಣ್ಯ ಇಲ್ಲ. ಫೈಲ್ ಹೋದರೂ ಹಳೆಯ ಜೆಡಿಕೆ 8ರ ಜೆವಿಎಂ ‘ಲಿಸನರ್ ಇದೆಯಲ್ಲ’ ಅಂದುಕೊಂಡು ಹೊಸದು ಹುಟ್ಟಿಸುವುದಿಲ್ಲ, ರೀಸ್ಟಾರ್ಟ್ ಒಂದೇ ದಾರಿ. 17 ಮಾತ್ರ ಮುಂದಿನ ಸಿಗ್‌ಕ್ವಿಟ್ ಬಂದಾಗ ಫೈಲ್ ಇಲ್ಲದ್ದನ್ನು ಕಂಡು ಮತ್ತೆ ಕಟ್ಟಿಕೊಳ್ಳುತ್ತದೆ. ಕ್ರಾನ್ ಸಾಲಿಗೆ ‘-ಟೈಪ್ ಎಫ್’ (ಮಾಮೂಲಿ ಫೈಲ್ ಮಾತ್ರ) ಸೇರಿಸಿದ್ದಾಯಿತು.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ: ಇದೇ ಸಾಕೆಟ್‌ನಿಂದ ‘ಲೋಡ್’ ಕಮಾಂಡ್ ಕಳಿಸಿ ಏಜೆಂಟ್ (ಓಡುತ್ತಿರುವ ಜೆವಿಎಂ ಒಳಗೆ ಸೇರಿಸುವ ಕೋಡ್) ತುರುಕುವುದು. ಆರ್ಗ್ಯುಮೆಂಟುಗಳು ‘ಇನ್‌ಸ್ಟ್ರುಮೆಂಟ್’, ‘ಫಾಲ್ಸ್’, ಜಾರ್ ಫೈಲಿನ ಪಾತ್. ಈ ಸಲ ಮೂರೂ ತುಂಬಿವೆ, ಬಾಕಿ ಉಳಿಸುವ ಪ್ರಶ್ನೆಯೇ ಇಲ್ಲ. ಜೆಡಿಕೆ 21ರಿಂದ ಹೀಗೆ ಲೋಡ್ ಮಾಡಿದರೆ ಎಚ್ಚರಿಕೆ ಮುದ್ರಿಸುತ್ತದೆ, ಬೇಡವೆಂದರೆ ಸ್ಟಾರ್ಟ್ ಮಾಡುವಾಗಲೇ ‘ಎನೇಬಲ್‌ಡೈನಮಿಕ್‌ಏಜೆಂಟ್‌ಲೋಡಿಂಗ್’ ಫ್ಲ್ಯಾಗ್ ಕೊಟ್ಟಿರಬೇಕು. ಕಂಟೇನರ್ ಆದರೆ ಸಾಕೆಟ್ ಹುಡುಕಬೇಕಾದದ್ದು ಹೋಸ್ಟಿನ /ಪ್ರೋಕ್/4127/ರೂಟ್/ಟಿಎಂಪಿಯಲ್ಲಿ, ಹೆಸರಿನ ಸಂಖ್ಯೆ ಮಾತ್ರ ಸ್ಟೇಟಸ್ ಫೈಲಿನ ‘ಎನ್‌ಎಸ್‌ಪಿಐಡಿ’ ಸಾಲಿನ ಕೊನೆಯದ್ದು, ಅಂದರೆ ಕಂಟೇನರ್ ಒಳಗಿನ ಪಿಐಡಿ, ಹೆಚ್ಚಿನ ಸಲ 1. ಜಾರ್ ಪಾತ್ ಮಾತ್ರ ಕಂಟೇನರ್ ಒಳಗಿಂದ ಕಾಣುವಂಥದ್ದೇ ಆಗಬೇಕು, ಹೋಸ್ಟಿನ ಪಾತ್ ಕೊಟ್ಟರೆ ಜೆವಿಎಂಗೆ ಅಲ್ಲಿ ಏನೂ ಕಾಣದು. ಜಾರನ್ನು ಒಳಗೆ ಕಾಪಿ ಮಾಡುವ ಹತ್ತು ಸಾಲು ಬರೆದಾಗಿದೆ, ರೀಡ್-ಓನ್ಲಿ ರೂಟ್ ಇರುವ ಕಂಟೇನರಿಗೆ ಅದು ಇನ್ನೂ ಸಾಲುತ್ತಿಲ್ಲ.