ಎರಡು ಮಳೆಗಾಲ ಶೆಡ್‌ನಲ್ಲೇ ನಿಂತ 800: ಹೊಗೆ ಎಲ್ಲಿಂದ?

ಗಾಡಿ ಕಾರ್ಬ್ಯುರೇಟರ್ ಕಾಲದ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ನಿಂತಿದ್ದದ್ದು ಮಡಿಕೇರಿ ಹತ್ತಿರದ ಕಾಫಿ ತೋಟದ ಶೆಡ್‌ನಲ್ಲಿ. ಸ್ಟಾರ್ಟ್ ಮಾಡಿದರೆ ಅಂಗಳ ತುಂಬ ಹೊಗೆ. ನೋಡಿದವರೆಲ್ಲ ಹೇಳಿದ್ದು ಒಂದೇ: "ರಿಂಗ್ ಹೋಗಿದೆ, ಇಂಜಿನ್ ಇಳಿಸಿ." ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು, ಆಯಿಲ್ ಮೇಲೇರದಂತೆ ತಡೆಯುವ ಬಳೆ. ಇಳಿಸಿಲ್ಲ. ನಿಂತ ಗಾಡಿಯ ಹೊಗೆಯಲ್ಲಿ ಎರಡು ಮೂರು ಕಾರಣ ಕಲಸಿಕೊಂಡಿರುತ್ತವೆ. ಬಣ್ಣ ನೋಡಿದರಷ್ಟೇ ಸಾಲದು, ಯಾವ ಹೊತ್ತಿಗೆ ಬರುತ್ತದೆ ಅನ್ನುವುದನ್ನೂ ನೋಡಬೇಕು. ಖರ್ಚಿಲ್ಲದ ಕಾರಣಗಳನ್ನು ಮೊದಲು ಕಳೆಯುತ್ತ ಬಂದ ಲೆಕ್ಕ ಇದು.

ಸೆಲ್ಫ್ ಹೊಡೆಯುವ ಮುಂಚೆ

ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಪೆಟ್ರೋಲ್ ವಾಸನೆ. ಶೆಡ್‌ನಲ್ಲಿದ್ದಾಗ ಆಗಾಗ ಚೋಕ್ ಎಳೆದು ಐದು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರಂತೆ. ಇದರಿಂದ ಬ್ಯಾಟರಿಗೂ ಲಾಭವಿಲ್ಲ, ಇಂಜಿನ್‌ಗಂತೂ ನಷ್ಟವೇ. ಬಿಸಿಯೇರುವ ಮುಂಚೆ ನಿಲ್ಲಿಸಿದರೆ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಆಯಿಲ್ ತೆಳುವಾಗುತ್ತದೆ, ಮಟ್ಟ ಏರುತ್ತದೆ. ಇವೆರಡೇ ಸಾಕು, ಆಯಿಲ್ ಉರಿದು ಬರುವ ನೀಲಿ ಹೊಗೆಗೆ.

ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿದ್ದಾಯಿತು. 20ಡಬ್ಲ್ಯೂ-40 ಗ್ರೇಡಿನ ಆಯಿಲ್ ಮೂರು ಲೀಟರ್ ಒಳಗೇ ಸಾಕು. ಡಿಪ್‌ಸ್ಟಿಕ್ ನೋಡಿ ಸುರಿಯಬೇಕು, ಡಬ್ಬಿ ನೋಡಿ ಅಲ್ಲ. ಈ ಇಂಜಿನ್‌ನ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್. ಅದರ ಡಯಾಫ್ರಂ ಹರಿದಿದ್ದರೂ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಹಾಗಾಗಿ ಹೊಸ ಆಯಿಲ್ ಹಾಕಿ ಅರ್ಧ ಗಂಟೆ ಓಡಿಸಿದ ಮೇಲೆ ಮಟ್ಟ ಮತ್ತೆ ನೋಡಬೇಕು. ಇಲ್ಲಿ ಏರಲಿಲ್ಲ, ಪಂಪ್ ಸರಿಯಿದೆ.

ಮೊದಲ ಸ್ಟಾರ್ಟ್‌ಗೆ ಹಿಂದಿನ ರಾತ್ರಿ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೆ 10 ಮಿ.ಲೀ. ಇಂಜಿನ್ ಆಯಿಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಸಮಪಾಲಿನ ಮಿಶ್ರಣ ಬಿಟ್ಟಿತ್ತು. ಬೆಳಿಗ್ಗೆ ಪುಲ್ಲಿ ಬೋಲ್ಟ್‌ಗೆ ಪಾನಾ ಕೊಟ್ಟು, ಓಡುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಿದ್ದು. ಆಮೇಲೆ ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಉಳಿದದ್ದನ್ನು ಹೊರಗೆ ಚಿಮ್ಮಿಸಬೇಕು. ಕಾಯಿಲ್ ವೈರ್ ಕಳಚಿರಬೇಕು, ಪ್ಲಗ್ ತೂತಿಗೆ ಬಟ್ಟೆ ಮುಚ್ಚಿರಬೇಕು.

ಬಿಳಿ

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಗಾಡಿ ಓಡದೆ ಇದ್ದರೆ ಅದರಲ್ಲಿ ಒಂದಷ್ಟು ಸೈಲೆನ್ಸರ್‌ನಲ್ಲೇ ನಿಲ್ಲುತ್ತದೆ. ಮಡಿಕೇರಿಯ ಚಳಿಗೆ ಅದೇ ದಟ್ಟ ಬಿಳಿ ಹೊಗೆಯಾಗಿ ಕಾಣುತ್ತದೆ. ಕುಶಾಲನಗರದವರೆಗೆ ಹೋಗಿ ಬಂದ ಮೇಲೆ ಬಿಳಿ ಹೊಗೆ ಪೂರ್ತಿ ನಿಂತಿತು. ಬಿಸಿಯಾದ ಮೇಲೂ ಬರುತ್ತಿದ್ದು, ಸಿಹಿ ವಾಸನೆಯಿದ್ದು, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲು ಹಾಳೆ) ಕಡೆ ನೋಡಬೇಕು.

ಇನ್ನೊಂದು ಮಾತು. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥ ಕೆನೆ ಕಂಡ ತಕ್ಷಣ ಹೆಡ್ ಬಿಚ್ಚುವವರಿದ್ದಾರೆ. ನಮ್ಮ ಕಡೆ ತೇವಕ್ಕೆ, ಸ್ವಲ್ಪ ಸ್ವಲ್ಪವೇ ಓಡುವ ಗಾಡಿಯಲ್ಲಿ ಅದು ಮಾಮೂಲು. ಅದೇ ಕೆನೆ ಡಿಪ್‌ಸ್ಟಿಕ್‌ನಲ್ಲೂ ಇದ್ದರೆ ಮಾತ್ರ ಚಿಂತೆ.

ಕಪ್ಪು

ಗಾಳಿಗಿಂತ ಪೆಟ್ರೋಲ್ ಹೆಚ್ಚಾದರೆ ಹೊಗೆ ಕಪ್ಪು. ಇಲ್ಲಿ ಅದಕ್ಕೆ ಕಾರಣ ಮೂರು ಸಿಕ್ಕವು. ಏರ್ ಫಿಲ್ಟರಿನ ಮೂತಿಯೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡು. ಚೋಕ್ ಕೇಬಲ್ ತುಕ್ಕು ಹಿಡಿದು, ಗುಂಡಿ ಒಳಗೆ ಹೋದರೂ ಪ್ಲೇಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲಿನ ತಳದಲ್ಲಿ ಹಳೆ ಪೆಟ್ರೋಲ್ ಒಣಗಿದ ಅಂಟು, ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಕೂರುತ್ತಿರಲಿಲ್ಲ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹೆಚ್ಚಾದರೆ ನೀರಿನ ಸಮೇತ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಟ್ಯಾಂಕ್ ಪೂರ್ತಿ ಖಾಲಿ ಮಾಡದೆ ಕಾರ್ಬ್ಯುರೇಟರ್ ತೊಳೆದು ಉಪಯೋಗವಿಲ್ಲ.

ಪ್ಲಗ್ ತುದಿಯ ಮಸಿ ಒಣಗಿದ್ದು ಬೆರಳಿಗೆ ಹತ್ತಿದರೆ ಪೆಟ್ರೋಲ್ ಹೆಚ್ಚು, ಜಿಡ್ಡುಜಿಡ್ಡಾಗಿ ಒದ್ದೆಯಿದ್ದರೆ ಆಯಿಲ್. ನಮ್ಮಲ್ಲಿ ಒಂದನೇ ಮತ್ತು ಮೂರನೇ ಸಿಲಿಂಡರಿನ ಪ್ಲಗ್ ಒಣಗಿದ್ದವು, ಎರಡನೆಯದು ಮಾತ್ರ ಒದ್ದೆ.

ನೀಲಿ, ಉಳಿದದ್ದು ಇದೇ

ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ನೋಡಿದ್ದು ಇಂಜಿನ್ ಬಿಸಿಯಿದ್ದಾಗ, ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಕ್ರಮವಾಗಿ ಚದರ ಸೆಂ.ಮೀ.ಗೆ 11, 8.5, 11 ಕೆ.ಜಿ. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಎಂಟನೇ ಒಂದು ಪಾಲಿನಷ್ಟು ಕಡಿಮೆ, ಗೇಜ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ. ಮ್ಯಾನ್ಯುವಲ್‌ನ ಅಂಕಿಗೆ ಹೋಲಿಸಿ ಗಾಬರಿಯಾಗುವುದು ಬೇಡ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಕೆ.ಜಿ.ಗಿಂತ ಹೆಚ್ಚಿದ್ದರೆ ಎಲ್ಲೋ ಸೋರಿಕೆ.

ಎರಡನೇ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 10.5ಕ್ಕೆ ಏರಿತು. ವಾಲ್ವ್ ಸೋರುತ್ತಿದ್ದರೆ ಹೀಗೆ ಏರುವುದಿಲ್ಲ, ಇದು ರಿಂಗ್. ಆದರೆ ಸವೆದ ರಿಂಗೋ, ಕಾರ್ಬನ್‌ನಲ್ಲಿ ಅಂಟಿಕೊಂಡ ರಿಂಗೋ? ಅದೇ ಎಟಿಎಫ್ ಮಿಶ್ರಣ ಇನ್ನೊಮ್ಮೆ ಬಿಟ್ಟು, ಮೈಸೂರು ರಸ್ತೆಯಲ್ಲಿ ಲೋಡ್ ಕೊಟ್ಟು ಓಡಿಸಿದ ಮೇಲೆ ಚಮಚ ಆಯಿಲ್ ಬಿಡದೆಯೇ ಗೇಜ್‌ನಲ್ಲಿ 10 ಬಂತು. ಅಂಟಿಕೊಂಡಿತ್ತು, ಬಿಡುತ್ತಿದೆ. ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಮಾತು ಸದ್ಯಕ್ಕಿಲ್ಲ.

ಆಮೇಲೆ ಸಂಪಾಜೆ ಘಾಟಿ. ನಮ್ಮಲ್ಲಿ ಇದಕ್ಕಿಂತ ಒಳ್ಳೆ ಪರೀಕ್ಷೆಯಿಲ್ಲ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇನ್‌ಟೇಕ್‌ನಲ್ಲಿ ನಿರ್ವಾತ ಜೋರಾಗಿ, ಹಳತಾಗಿ ಗಟ್ಟಿಯಾದ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತಲಿನ ರಬ್ಬರ್) ದಾಟಿ ಆಯಿಲ್ ಒಳಬರುತ್ತದೆ. ಮತ್ತೆ ಒತ್ತಿದಾಗ ಒಂದು ನೀಲಿ ಉಂಡೆ. ರಿಂಗ್ ಹೊಗೆಯಾದರೆ ಏರುವಾಗ ಉದ್ದಕ್ಕೂ ಬರುತ್ತದೆ. ಹಿಂದೆ ಬರುತ್ತಿದ್ದ ಇನ್ನೊಂದು ಗಾಡಿಯಲ್ಲಿ ಒಬ್ಬರು ಕೂತು ನೋಡಿದರು: ಇಳಿದು ಒತ್ತಿದಾಗ ಮಾತ್ರ ನೀಲಿ, ಏರುವಾಗ ಚೊಕ್ಕ. ಅಲ್ಲಿಗೆ ಉಳಿದದ್ದು ಸೀಲ್.

ಮುಂದಿನ ಕೆಲಸ

ಹೆಡ್ ಇಳಿಸದೆಯೇ ಆರೂ ಸೀಲ್ ಬದಲಾಯಿಸಬಹುದು. ಪಿಸ್ಟನ್ ಸ್ವಲ್ಪ ಕೆಳಗಿರುವಾಗ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ತುದಿ ಹೊರಗೆ ಬಿಟ್ಟು, ಪಿಸ್ಟನ್ ಮೇಲೆತ್ತಿದರೆ ಹಗ್ಗವೇ ವಾಲ್ವನ್ನು ಹಿಡಿದುಕೊಳ್ಳುತ್ತದೆ. ರಾಕರ್ ಬಿಚ್ಚಿ ಸ್ಪ್ರಿಂಗ್ ಒತ್ತುವ ಮುಂಚೆ ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುಂಬಲೇಬೇಕು. ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ಚಿಕ್ಕ ತುಂಡು, ಕಾಲೆಟ್, ಒಳಗೆ ಬಿದ್ದರೆ ಸಂಪ್ (ತಳದ ಆಯಿಲ್ ತಟ್ಟೆ) ಇಳಿಸುವ ಕೆಲಸ. ವಾಲ್ವ್ ಕಡ್ಡಿಯ (ಸ್ಟೆಮ್) ತುದಿಗೆ ಪ್ಲಾಸ್ಟಿಕ್ ಸುತ್ತಿ, ಆಯಿಲ್ ಸವರಿ ಸೀಲ್ ಇಳಿಸಬೇಕು, ಇಲ್ಲದಿದ್ದರೆ ಕಾಲೆಟ್ ಕೂರುವ ತೋಡಿನ ಅಂಚು ಸೀಲ್‌ನ ತುಟಿ ಕೊಯ್ಯುತ್ತದೆ. ಸ್ಪ್ರಿಂಗ್ ತೆಗೆದಾಗ ವಾಲ್ವನ್ನು ಆಚೀಚೆ ಅಲ್ಲಾಡಿಸಿ ನೋಡಬೇಕು. ವಾಲ್ವ್ ಜಾರುವ ಕೊಳವೆ, ಅಂದರೆ ಗೈಡ್, ಸಡಿಲವಿದ್ದರೆ ಹೊಸ ಸೀಲ್ ಬಾಳುವುದಿಲ್ಲ, ಆಗ ಹೆಡ್ ಇಳಿಸುವುದೇ ಸರಿ. ಟೈಮಿಂಗ್ ಬೆಲ್ಟ್ ಹಳೆಯದು, ಅದನ್ನೂ ಜೊತೆಗೇ ಬದಲಾಯಿಸುವುದು.

ಸೀಲ್ ಹಾಕಿದ ದಿನವೇ ಹೊಗೆ ನಿಲ್ಲಲಿಲ್ಲ ಅಂತ ಮತ್ತೆ ಬಿಚ್ಚಬಾರದು. ಸೈಲೆನ್ಸರ್‌ನಲ್ಲಿ ಕೂತ ಆಯಿಲ್ ಉರಿದು ಮುಗಿಯಲು ಒಂದೆರಡು ದೂರದ ಓಟ ಬೇಕು. ಆಮೇಲೆ ಆಯಿಲ್ ಮಟ್ಟ ಗುರುತು ಮಾಡಿಕೊಂಡು, 500 ಕಿ.ಮೀ. ಓಡಿಸಿ ಮತ್ತೆ ಅಳೆಯುವುದು.