ಚರಂಡಿ ನೀರಿನ ಲೆಕ್ಕ

ಇಟಲಿಯ ಪೋ ನದಿಯಲ್ಲಿ ಕೊಕೇನ್ ಅಳೆದ ಕಥೆ ಓದ್ತಿದ್ದೆ. ಮಿಲಾನ್‌ನ ಮಾರಿಯೋ ನೇಗ್ರಿ ಅನ್ನೋ ಔಷಧ ಸಂಶೋಧನಾ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಕೊಕೇನ್ ತಗೊಂಡವರ ಮೈ ಅದನ್ನು ಬೇರೆ ಪದಾರ್ಥವಾಗಿ ಒಡೆಯುತ್ತದೆ. ಅದು ಮೂತ್ರದ ಜೊತೆ ಚರಂಡಿಗೆ, ಅಲ್ಲಿಂದ ನದಿಗೆ. ನದಿಯಲ್ಲಿ ಅದನ್ನು ಅಳೆದು ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 4 ಕಿಲೋ ಕೊಕೇನ್‌ನಷ್ಟು! ಜನರನ್ನೇ ಕೇಳಿ ಮಾಡಿದ ಸರ್ವೆಗಳ ಅಂದಾಜಿಗಿಂತ ಬಹಳ ಜಾಸ್ತಿ. ಇಂಥ ಪ್ರಶ್ನೆಗೆ ಯಾರು ತಾನೇ ನಿಜ ಹೇಳ್ತಾರೆ, ಅಲ್ವಾ?

ಈಗ ಯುರೋಪಿನ ಎಷ್ಟೋ ನಗರಗಳಲ್ಲಿ ಪ್ರತಿವರ್ಷ ಹೀಗೇ ಕೊಳಚೆ ನೀರು ಪರೀಕ್ಷಿಸುತ್ತಾರೆ. ವಾರದ ಕೊನೆಗೆ ಕೊಕೇನ್ ಏರುವುದೂ ಕಾಣುತ್ತದೆ. ಆದರೆ ಕೊಕೇನ್‌ನಿಂದ ಯಾರ ಹೃದಯ ಕೈಕೊಟ್ಟಿತು ಅನ್ನೋದು ನೀರಿನಲ್ಲಿ ಸಿಗಲ್ಲ. ಅದಕ್ಕೆ ಆಸ್ಪತ್ರೆಯ ದಾಖಲೆಗಳೇ ಬೇಕು. ನನಗೆ ಹೆಚ್ಚು ಕಾಡಿದ್ದು ವಿಶ್ವಸಂಸ್ಥೆಯ 2023ರ ವರದಿ: ಮಾದಕ ವಸ್ತುಗಳ ಚಟದಿಂದ ನರಳುವ ಐವರಲ್ಲಿ ಚಿಕಿತ್ಸೆ ಸಿಕ್ಕಿದ್ದು ಸುಮಾರು ಒಬ್ಬರಿಗಷ್ಟೇ.