ಗರ ಬಿದ್ದಂತೆ ಆಡುವುದು

ಚೌಕಾಬಾರದಲ್ಲಿ ಮೋಸಕ್ಕೆ ಎರಡು ದಾರಿಗಳಿವೆ. ಮನೆ ಎಣಿಸುವಾಗ ಒಂದು, ಕವಡೆ ಹಾಕುವಾಗ ಇನ್ನೊಂದು. ಕಳೆದ ಬೇಸಿಗೆಯಲ್ಲಿ ಅರಸೀಕೆರೆ ಸಮೀಪದ ಸೋದರತ್ತೆಯ ಮನೆಯಲ್ಲಿ, ಮದುವೆಯ ಮರುದಿನ ಬೀಗರೂಟ ಮುಗಿದು ಕರೆಂಟೂ ಹೋಗಿದ್ದ ಮಧ್ಯಾಹ್ನ, ಇವೆರಡನ್ನೂ ಒಂದೇ ಆಟದಲ್ಲಿ ಕಂಡೆ.

ಅತ್ತೆ, ದೊಡ್ಡಮ್ಮ, ಅತ್ತೆಯ ಮಗನಾದ ನಮ್ಮ ಭಾವ ಮತ್ತು ನಾನು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು ಕುಳಿತಿದ್ದೆವು. ದೊಡ್ಡಮ್ಮ ಮೂರು ಬಿದ್ದರೆ ನಾಲ್ಕು ಮನೆ ನಡೆಸಿ ಕಾಯನ್ನು ಯಾರೂ ಕಡಿಯಲಾಗದ ಕಟ್ಟೆಗೆ ಸೇರಿಸಿಬಿಡುತ್ತಿದ್ದರು. ಸಿಕ್ಕಿಬಿದ್ದಾಗ ಕನ್ನಡಕದ ಮೇಲೆ ತಪ್ಪು ಹೊರಿಸುತ್ತಿದ್ದರು. ಸಿಕ್ಕಿಬೀಳದಿದ್ದರೆ ತಾವೇ ನಕ್ಕು ಸುಳಿವು ಕೊಡುತ್ತಿದ್ದರು. ಆ ಗಲಾಟೆಯಿಂದಾಗಿ ಎಲ್ಲರೂ ಪ್ರತಿಯೊಂದು ನಡೆಯನ್ನೂ ಕಣ್ಣಿಟ್ಟು ನೋಡುವಂತಾಗಿ, ಆಟಕ್ಕೆ ಕಳೆಯೇ ಬಂದಿತ್ತು.

ಭಾವ ಮಾತ್ರ ಒಂದು ಮನೆಯನ್ನೂ ತಪ್ಪಿ ಎಣಿಸಲಿಲ್ಲ. ನಾಲ್ಕು ಕವಡೆಗಳನ್ನೂ ಬೆರಳ ಸಂದಿನಲ್ಲಿ ಜೋಡಿಸಿಕೊಂಡು, ನೆಲಕ್ಕೆ ತೀರ ಹತ್ತಿರದಿಂದ ಮೆಲ್ಲನೆ ಜಾರಿಸುತ್ತಿದ್ದರು. ಕವಡೆ ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೆ ನಾಲ್ಕೂ ಅಂಗಾತ ಬೀಳುವ ಚೌಕ, ನಾಲ್ಕೂ ಕವುಚಿ ಬೀಳುವ ಬಾರ, ತಲಾ 16 ಸಲಕ್ಕೊಮ್ಮೆ ಬರಬೇಕು. ಅವರಿಗೆ ಬೇಕೆಂದಾಗಲೆಲ್ಲ ಬಾರ ಬೀಳುತ್ತಿತ್ತು. ಬಾರ ಬಿದ್ದವರಿಗೆ ಮತ್ತೊಂದು ಸರದಿ. ಆ ಸರದಿಯಲ್ಲಿ ನಮ್ಮದೊಂದು ಕಾಯಿ ಕಡಿದರೆ ಇನ್ನೊಂದು. ಅವರ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾಗುವ ಹೊತ್ತಿಗೆ ಅತ್ತೆ ಎದ್ದು ಒಳಗೆ ಹೋಗಿದ್ದರು.

“ನಾನೇನು ಮೋಸ ಮಾಡಿದೆ? ಇದು ಕೈಚಳಕ” ಎಂದರು ಭಾವ. ನಿಯಮದ ಮಾತಾದರೆ ಅವರದೇ ಸರಿ. ಕವಡೆಯನ್ನು ಇಷ್ಟು ಎತ್ತರದಿಂದ ಹಾಕಬೇಕೆಂದು ನಮ್ಮ ಮನೆಯಲ್ಲಿ ಯಾರೂ ಗೊತ್ತುಮಾಡಿರಲಿಲ್ಲ. ಎಲ್ಲವೂ ತನ್ನ ಬುದ್ಧಿಯ ಹಿಡಿತದಲ್ಲೇ ಇರಬೇಕೆನ್ನುವವರಿಗೆ ಚದುರಂಗವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಸಮಸ್ಯೆಯನ್ನು ಬಿಡಿಸಿದ್ದು ಅಂಥ ಹಲಗೆಯ ಮೇಲೆಯೇ. ಚೌಕಾಬಾರಕ್ಕೆ ಕೂರುವವರು ಗರ ಏನು ಬೀಳುವುದೋ ತಿಳಿಯದೆ, ಬಿದ್ದದ್ದರಲ್ಲಿ ಯಾವ ಕಾಯಿ ನಡೆಸಲೆಂದು ತಲೆ ಕೆರೆದುಕೊಳ್ಳಲೆಂದೇ ಬರುತ್ತಾರೆ. ದೊಡ್ಡಮ್ಮನ ಕಳ್ಳಾಟ ಈ ಅನಿಶ್ಚಯವನ್ನು ಮುಟ್ಟುತ್ತಲೇ ಇರಲಿಲ್ಲ, ಭಾವನ ನಿಯಮಬದ್ಧ ಆಟ ಅದನ್ನೇ ಇಲ್ಲವಾಗಿಸಿತು. ಗೆಲುವಿನಿಂದ ಅವರಿಗಾದರೂ ಹಿಗ್ಗು ಬಂದಂತೆ ನನಗೆ ಕಾಣಲಿಲ್ಲ.

ಅತ್ತೆ ತೆಂಗಿನ ಚಿಪ್ಪೊಂದನ್ನು ಹಿಡಿದು ಬಂದು, ಇನ್ನು ಮುಂದೆ ಕವಡೆಯನ್ನು ಇದರೊಳಗೆ ಕುಲುಕಿಯೇ ಸುರಿಯಬೇಕೆಂದು ಗೊತ್ತುಮಾಡಿದರು. ಭಾವ ಗೊಣಗಿದರು, ಆದರೂ ಏಳಲಿಲ್ಲ. ಮುಂದಿನ ಆಟದಲ್ಲಿ ಅವರ ಕಾಯಿ ಒಳಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಿತು. ಒಂದು ಕಾಯಿಯನ್ನಾದರೂ ಕಡಿಯದೆ ಒಳಗೆ ಬಿಡುವಂತಿಲ್ಲವಲ್ಲ. ಕೊನೆಗೊಮ್ಮೆ ಚಿಪ್ಪಿನಿಂದ ಬೇಕಾಗಿದ್ದ ಎರಡು ಬಿದ್ದು ನನ್ನ ಕಾಯಿ ಕಡಿದಾಗ ಅವರು ಹಾಕಿದ ಕೇಕೆಗೆ, ಒಳಗೆ ಮಲಗಿದ್ದ ಮದುಮಗ ಎದ್ದು ಬಂದು, “ನನ್ನನ್ನೂ ಸೇರಿಸಿಕೊಳ್ಳಿ” ಎಂದ.